ಬೇರೆಯಾಗಿ ಬದುಕುವ ಲೆಕ್ಕ

ಆ ದಿನ ನಲ್ಲಿ ನೀರಿನ ಸರದಿ ನಮ್ಮ ಬೀದಿಯದು. ಮುಳಬಾಗಿಲಿನಲ್ಲಿ ನೀರು ಬರುವ ಬೆಳಿಗ್ಗೆಗೆ ಅದರದೇ ಗದ್ದಲ ಇರುತ್ತದೆ. ಬಿಂದಿಗೆ ಕುಕ್ಕುವುದು, ಮೋಟಾರು ಗುಂಯ್ ಎನ್ನುವುದು, ಪಕ್ಕದ ಮನೆಯ ಆಂಟಿ ಪೈಪು ಎಳೆಯುತ್ತಾ ಮೇಲಿನ ಬೀದಿಯವರನ್ನೆಲ್ಲ ಒಟ್ಟಿಗೆ ಬೈಯುವುದು. ಡ್ರಮ್ಮು ತುಂಬಿಸಿ, ಬಾಗಿಲಿಗೆ ನೀರು ಹಾಕಿ, ಚಿಕ್ಕದೊಂದು ರಂಗೋಲಿ ಎಳೆದು ಒಳಗೆ ಬಂದಾಗ ನನ್ನ ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಬದಲಾಯಿಸಲು ಪುರುಸೊತ್ತಿರಲಿಲ್ಲ. ಉಪ್ಪಿಟ್ಟಿಗೆ ರವೆ ಹುರಿಯಲು ಇಟ್ಟೆ.

ನಮ್ಮವರು ಪೇಪರು ಹಿಡಿದು ಕೂತಿದ್ದರು. ಅವರು ಊರಿನ ಅಂಗಡಿಗಳವರಿಗೆ ತೆರಿಗೆ ಲೆಕ್ಕ ಬರೆದುಕೊಡುವವರು. ಪೇಪರನ್ನೂ ಲೆಕ್ಕದ ಹಾಗೆಯೇ, ಬೆರಳಿಟ್ಟು ಓದುತ್ತಾರೆ.

"ನಿಮ್ಮಣ್ಣನ ಸಬ್ಜೆಕ್ಟು ಇವತ್ತೂ ಬಂದಿದೆ ನೋಡು," ಎಂದರು. "ನಾವು ದಿಲ್ಲಿಗೆ ಕೊಡೋದೆಷ್ಟು, ಅವರು ನಮಗೆ ವಾಪಸ್ಸು ಕೊಡೋದೆಷ್ಟು ಅಂತ."

"ಅವನು ಬಂದಾಗ ಅದನ್ನ ಎತ್ತಿಡಿ. ಇವತ್ತು ಬೇಡ."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಪೇಪರನ್ನು ಮಡಿಸಿ ದಿಂಬಿನ ಕೆಳಗೆ ಸೇರಿಸಿದರು. ಅಂದು ಅಣ್ಣ ನಮ್ಮ ಮನೆಗೆ ಬರುತ್ತಿದ್ದುದು ಮಾತಿಗಲ್ಲ ಎಂದು ಅವರಿಗೂ ಗೊತ್ತಿತ್ತು.

ಅಣ್ಣ ಶ್ರೀನಿವಾಸಪುರದ ಕಡೆ ನಮ್ಮ ಅಪ್ಪನ ಮಾವಿನ ತೋಟ ನೋಡಿಕೊಂಡಿರುವವನು. ನಾವು ಮೂವರು: ಅವನು ದೊಡ್ಡವನು, ನಡುವೆ ನಾನು, ಕೊನೆಯವಳು ತಂಗಿ. ಮುಳಬಾಗಿಲಿಗೆ ಏನು ಕೆಲಸವಿದ್ದರೂ ಅವನು ನಮ್ಮಲ್ಲಿ ತಿಂಡಿ ತಿಂದೇ ಹೋಗುತ್ತಿದ್ದ. ಬಂದಾಗಲೆಲ್ಲ ಅವನಿಗೂ ನಮ್ಮವರಿಗೂ ಒಂದೇ ಜಗಳ. ಜಗಳ ಅನ್ನಬಾರದು, ಇಬ್ಬರಿಗೂ ಅದರಲ್ಲಿ ಖುಷಿ ಇತ್ತು.

"ಭಾವ, ನಾವು ಕಟ್ಟೋ ರೂಪಾಯೀಲಿ ನಮಗೆ ವಾಪಸ್ಸು ಬರೋದೆಷ್ಟು? ನೀವೇ ಹೇಳಿ. ಕಟ್ಟಿಸೋರು ನೀವು ತಾನೆ."

"ಚಿಲ್ಲರೆ ಬರುತ್ತಪ್ಪ."

"ಆ ಚಿಲ್ಲರೆಗೆ ಕೈ ಚಾಚ್ಕೊಂಡು ನಿಂತಿರಬೇಕಾ? ನಮ್ಮ ರಾಜ್ಯ ಬೇರೆ ದೇಶ ಆಗ್ಬಿಟ್ರೆ ಏನಾಗುತ್ತೆ? ಸಮುದ್ರ ಇದೆ, ಬಂದರಿದೆ. ಕಾಫಿ ಇದೆ, ರೇಷ್ಮೆ ಇದೆ. ಬೆಂಗಳೂರು ಒಂದು ಸಾಕಲ್ವಾ? ನಮಗಿಂತ ಚಿಕ್ಕ ಚಿಕ್ಕ ದೇಶಗಳು ಬದುಕ್ತಿಲ್ವಾ?"

"ಬದುಕಬಹುದು," ಎನ್ನುತ್ತಿದ್ದರು ನಮ್ಮವರು, ಚಟ್ನಿಯನ್ನು ಬೆರಳಲ್ಲಿ ಒರೆಸಿಕೊಳ್ಳುತ್ತಾ. "ಆದರೆ ನಾಳೆ ಬೆಂಗಳೂರಿನೋರೂ ಇದೇ ಮಾತು ಅಂದ್ರೆ? ದುಡಿಯೋರು ನಾವು, ತಿನ್ನೋರು ಕೋಲಾರದೋರು, ನಾವೂ ಬೇರೆ ಆಗ್ತೀವಿ ಅಂದ್ರೆ?"

"ಅವರು ನಮಗೆ ಕೊಡ್ತಿರೋದು ಅವರ ಬಚ್ಚಲು ನೀರು ತಾನೆ ಭಾವ! ಅದೂ ಸೋಸಿ!"

ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ತುಂಬಿಸುವುದನ್ನು ಅವನು ಹಾಗೆ ಹೇಳುತ್ತಿದ್ದ. ಅಷ್ಟಕ್ಕೆ ಮೂವರೂ ನಗುತ್ತಿದ್ದೆವು. ನಗು ಮುಗಿದ ಮೇಲೆ ನಮ್ಮವರು ಸುಮ್ಮನಿರುತ್ತಿರಲಿಲ್ಲ. "ಸರಿ. ಕೋಲಾರದ ಮಂಡಿಯಿಂದ ಟೊಮೇಟೊ ಲಾರಿ ಹೋಗೋದು ಎಲ್ಲಿಗೆ? ದಿಲ್ಲಿ ಕಡೆಗೆ, ಕಲ್ಕತ್ತದ ಕಡೆಗೆ. ದಾರೀಲಿ ಒಂದೊಂದು ಗೇಟಲ್ಲೂ ನಿಲ್ಲಿಸಿ ಸುಂಕ ಕಟ್ಟು ಅಂದ್ರೆ, ನಿನ್ನ ಹಣ್ಣು ಕಾಯ್ತಾ ಕೂತ್ಕೊಳ್ಳುತ್ತಾ?"

"ತಿನ್ನೋರಿಗೆ ಬೇಕಾದ್ರೆ ಅವರೇ ಗೇಟು ತೆಗೀತಾರೆ ಭಾವ. ಹಸಿವು ಅವರಿಗೂ ಇರುತ್ತೆ."

ಈ ಉತ್ತರ ಅಣ್ಣನಿಗೆ ಬಹಳ ಇಷ್ಟ. ಅದನ್ನು ಹೇಳಿ ಲೋಟ ಕೆಳಗಿಟ್ಟು ನನ್ನ ಕಡೆ ನೋಡುತ್ತಿದ್ದ, "ನೀನೇನಂತೀಯ ಕಾನ್ವೆಂಟಮ್ಮ?" ಎನ್ನುವ ಹಾಗೆ. ಅಪ್ಪ ನನ್ನೊಬ್ಬಳನ್ನೇ ಕೋಲಾರದ ಕಾನ್ವೆಂಟಿನಲ್ಲಿ ಓದಿಸಿದ್ದಕ್ಕೆ ಅವನು ಜೀವನವಿಡೀ ಕೊಟ್ಟ ಹೆಸರು ಅದು.

ನಾನು ಅಡುಗೆಮನೆಗೆ ತಿರುಗುತ್ತಿದ್ದೆ. ಅಲ್ಲಿ ನಿಂತು ಡಬ್ಬಗಳನ್ನು ನೋಡಿದರೆ ನನಗೆ ಗಲಿಬಿಲಿಯಾಗುತ್ತಿತ್ತು. ರಾಗಿ ನಮ್ಮದು. ಗೋಧಿಹಿಟ್ಟು ಎಲ್ಲಿಂದಲೋ, ತೊಗರಿ ಒಮ್ಮೆ ಇಲ್ಲಿಯದು ಒಮ್ಮೆ ಹೊರಗಿನದು, ಜೀರಿಗೆ ಗುಜರಾತಿನದಂತೆ, ಇಂಗು ಯಾವ ದೇಶದ್ದೋ ದೇವರಿಗೇ ಗೊತ್ತು. ಸಾರಿಗೆ ಒಗ್ಗರಣೆ ಹಾಕುವಷ್ಟರಲ್ಲಿ ನನ್ನ ಕೈ ಎಷ್ಟು ಊರು ಮುಟ್ಟಿ ಬರುತ್ತದೆ ಎಂದು ಯೋಚಿಸಿ, ಒಗ್ಗರಣೆ ಸೀದ ದಿನಗಳೂ ಇವೆ. ಕಾನ್ವೆಂಟಿನಲ್ಲಿ ಭೂಗೋಳದ ಮಿಸ್ಸು ನಕ್ಷೆ ಬರೆಸುವಾಗ ಹೇಳುತ್ತಿದ್ದರು: ದೇಶದ ಗಡಿಗೆ ದಪ್ಪ ಗೆರೆ, ರಾಜ್ಯದ ಗಡಿಗೆ ಬಿಡಿಬಿಡಿ ಗೆರೆ, ಪೆನ್ಸಿಲ್ ಒತ್ತಬೇಡಿ. ನಾನು ಒತ್ತದೆ ಬರೆಯುತ್ತಿದ್ದೆ. ಬಿಡಿಬಿಡಿ ಗೆರೆಯ ನಡುವಿನ ಸಂದುಗಳಲ್ಲಿ ಜನ ಆ ಕಡೆಗೂ ಈ ಕಡೆಗೂ ಓಡಾಡುತ್ತಾರೆ ಎಂದು ಆಗ ನಂಬಿದ್ದೆ.

ಓಡಾಡುತ್ತಿದ್ದೆವು ಕೂಡ. ಅಮ್ಮ ನಮ್ಮನ್ನು ಬೈಯುತ್ತಿದ್ದುದು ತೆಲುಗಿನಲ್ಲಿ, ಅಪ್ಪ ಸಮಾಧಾನ ಮಾಡುತ್ತಿದ್ದುದು ಕನ್ನಡದಲ್ಲಿ. ತಂಗಿಯನ್ನು ಕೊಟ್ಟಿದ್ದು ನಂಗಲಿ ದಾಟಿ, ಹೆದ್ದಾರಿಯಿಂದ ಒಳಗೆ ಹೋದರೆ ಸಿಗುವ ಒಂದು ಊರಿಗೆ. ಅದು ಆಂಧ್ರ. ಕೊಡುವಾಗ ಅದು ಬೇರೆ ರಾಜ್ಯ ಎಂದು ಯಾರೂ ಒಂದು ಮಾತು ಎತ್ತಲಿಲ್ಲ. ಬಸ್ಸು ಎಷ್ಟು ಹೊತ್ತಿಗಿದೆ ಎಂದಷ್ಟೇ ಅಮ್ಮ ಕೇಳಿದ್ದು. ಮದುವೆಯಾದ ವರ್ಷ ಅಪ್ಪ ಟ್ರಾಕ್ಟರಿನಲ್ಲಿ ಪಾತ್ರೆ, ಹಾಸಿಗೆಗಳ ಜೊತೆ ನಮ್ಮ ತೋಟದ ತೋತಾಪುರಿ ಕಸಿಗಿಡಗಳನ್ನೂ ಕಳಿಸಿಕೊಟ್ಟರು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಕೆಲವರು ಹಸು ಕೊಡುತ್ತಾರೆ, ಅಪ್ಪ ಗಿಡ ಕೊಟ್ಟರು. ಆ ಗಿಡಗಳು ಅಲ್ಲಿ ತೋಟವಾದವು. ಹಾಗಾಗಿ ತಂಗಿಯ ಮನೆಯ ಕಾಯಿಗೂ ಅಣ್ಣನ ಕಾಯಿಗೂ ತೊಟ್ಟಿನಲ್ಲೂ ವ್ಯತ್ಯಾಸವಿಲ್ಲ.

ತೋತಾಪುರಿಯನ್ನು ಯಾರೂ ತಟ್ಟೆಯಲ್ಲಿಟ್ಟುಕೊಂಡು ತಿನ್ನಲು ಬೆಳೆಯುವುದಿಲ್ಲ. ಅದು ರಸ ತೆಗೆಯುವ ಫ್ಯಾಕ್ಟರಿಗಳಿಗೆ. ಫ್ಯಾಕ್ಟರಿಗಳು ಹೆಚ್ಚಾಗಿರುವುದು ಆ ಕಡೆ. ಅಪ್ಪನ ಕಾಲದಿಂದಲೂ ನಮ್ಮ ಕಾಯಿ ಅಲ್ಲಿಗೇ ಹೋಗುತ್ತಿತ್ತು. ಆ ವರ್ಷ ಎರಡೂ ಕಡೆ ಮರಗಳು ಬಗ್ಗಿ ನೆಲ ಮುಟ್ಟುವಷ್ಟು ಬಿಟ್ಟವು. ಫ್ಯಾಕ್ಟರಿಯವರು ಬೆಲೆ ಇಳಿಸಿದರು. ಆ ಕಡೆಯ ರೈತರು ಮೊದಲು ನಮ್ಮ ಕಾಯಿ ತಗೊಳ್ಳಿ, ಆಮೇಲೆ ಬೇರೆಯವರದು ಎಂದರು. ಅಷ್ಟರಲ್ಲೇ ಗಡಿಯಲ್ಲಿ ಅಡ್ಡಗಂಬಿ ಬಿತ್ತು. ನಂಗಲಿಯ ಆಚೆ ಆ ಕಡೆಯ ಸರ್ಕಾರದವರು ಮಾವಿನ ಲಾರಿಯನ್ನು ಮಾತ್ರ ಆರಿಸಿ ನಿಲ್ಲಿಸಿ ವಾಪಸ್ಸು ಕಳಿಸತೊಡಗಿದರು. ದೇಶ ಒಂದೇ, ಹೆದ್ದಾರಿ ಒಂದೇ. ಸಿಮೆಂಟು ಹೋಯಿತು, ಕೋಳಿ ಹೋಯಿತು, ಮಾವು ಹೋಗಲಿಲ್ಲ.

ಅಣ್ಣ ಬರುವುದು ಕಡಿಮೆಯಾಯಿತು. ಬಂದರೂ ಭಾವನ ಜೊತೆ ಮಾತಿಗೆ ಕೂರುತ್ತಿರಲಿಲ್ಲ. ಅವನ ಅಂಗಿಯಿಂದ ಹುಳಿಬಂದ ಹಣ್ಣಿನ ವಾಸನೆ ಬರುತ್ತಿತ್ತು. ಮರದಲ್ಲಿ ಬಿಟ್ಟರೆ ಉದುರುತ್ತದೆ, ಕಿತ್ತರೆ ಇಡಲು ಜಾಗವಿಲ್ಲ. ಹೀಗಿರುವಾಗ ಒಂದು ಸಂಜೆ ತಂಗಿ ನನಗೆ ಫೋನು ಮಾಡಿದಳು.

"ಅಕ್ಕ, ಅಣ್ಣನಿಗೆ ನೀನು ಹೇಳು. ನಾನು ಹೇಳಿದ್ರೆ ಅವನು ಕೇಳಲ್ಲ. ಒಂದು ಗಾಡಿ ಕಾಯಿ ಹಳ್ಳಿ ದಾರೀಲಿ ಇಲ್ಲಿಗೆ ತರಲಿ. ನಮ್ಮ ಕಾಯಿ ಜೊತೆ ಬೆರೆಸಿ ಫ್ಯಾಕ್ಟರಿಗೆ ಕಳಿಸಿಬಿಡೋಣ. ಯಾರು ಗುರುತು ಹಿಡೀತಾರೆ? ಅಪ್ಪನ ಗಿಡದ್ದೇ ಅಲ್ವಾ ಎರಡೂ?"

"ನಿಮ್ಮನೆಯವರು ಏನಂತಾರೆ?"

"ಒಪ್ಪಿದಾರೆ. ಮಧ್ಯಾಹ್ನದ ಹೊತ್ತಿಗೆ ಬನ್ನಿ, ಆಗ ಗಂಡಸರೆಲ್ಲ ಫ್ಯಾಕ್ಟರಿ ಮುಂದೆ ಟ್ರಾಕ್ಟರ್ ಸಾಲಲ್ಲಿ ಇರ್ತಾರೆ. ನೀನೂ ಬಾರೇ ಅಕ್ಕ. ನೀನು ಮುಂದೆ ಕೂತಿದ್ರೆ ನೆಂಟರು ಬಂದಂಗಿರುತ್ತೆ. ಈ ಒಂದು ಗಾಡಿ ದಾಟಿದ್ರೆ ಆಮೇಲೆ ದಿನಾ ಒಂದೊಂದು ತರಬಹುದು."

ಅಣ್ಣ ಮೊದಲು ಒಪ್ಪಲಿಲ್ಲ. "ನನ್ನ ಮರದ ಕಾಯಿನ ಆಂಧ್ರದ ಕಾಯಿ ಅಂತ ಹೇಳಿ ಮಾರಬೇಕಾ?" ಎಂದ. ಎರಡು ದಿನ ಬಿಟ್ಟು ಅವನೇ ಫೋನು ಮಾಡಿ, "ನಾಳೆ ರೆಡಿಯಾಗಿರು," ಎಂದಷ್ಟೇ ಹೇಳಿ ಇಟ್ಟ. ಅವನು ತಂಗಿಯ ಹತ್ತಿರ ಏನನ್ನಾದರೂ ಪಡೆಯಲು ಹೊರಟಿದ್ದು ಅದೇ ಮೊದಲು. ಕೊಡುವುದು ಅವನಿಗೆ ಗೊತ್ತಿತ್ತು. ಬೇಡುವುದು ಗೊತ್ತಿರಲಿಲ್ಲ.

ಆ ನಾಳೆಯೇ ಈ ನೀರು ಬಂದ ದಿನ. ಅವನು ಬಂದಾಗ ಉಪ್ಪಿಟ್ಟು ಆರಿತ್ತು. ನಿಂತುಕೊಂಡೇ ತಿಂದ. ಪಿಕಪ್ ಗಾಡಿಯ ಮೇಲೆ ಟಾರ್ಪಾಲು ಬಿಗಿದಿದ್ದ. ಅದರ ಮೂಲೆಯೊಂದನ್ನು ಅತ್ತಿಗೆಯ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿತ್ತು, ನೀಲಿ ಸೀರೆ, ಅವಳ ಸೀಮಂತದ್ದು. ಅತ್ತಿಗೆಗೂ ಈ ಕಾಯಿ ಹೇಗಾದರೂ ದಾಟಲಿ ಎಂದಿತ್ತು ಎಂದುಕೊಂಡೆ.

ನಂಗಲಿಗೆ ಮೊದಲೇ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದೆವು. ರಾಗಿ ಬಿತ್ತಲು ಉತ್ತಿಟ್ಟ ಹೊಲಗಳು, ಹಿಪ್ಪುನೇರಳೆ ಸಾಲು, ನೀರು ಬತ್ತಿದ ಒಂದು ಕುಂಟೆ. ಅಣ್ಣ ಸ್ವಲ್ಪ ಹಗುರಾದ.

"ಯಾರಾದ್ರೂ ನಿಲ್ಲಿಸಿದ್ರೆ ಇಂಗ್ಲಿಷಲ್ಲಿ ಶುರು ಮಾಡು ಕಾನ್ವೆಂಟಮ್ಮ. ಭಯ ಬಿದ್ದು ಬಿಟ್ಬಿಡ್ತಾರೆ."

"ಇಂಗ್ಲಿಷಲ್ಲಿ ಮಾವಿನಕಾಯಿಗೋಸ್ಕರ ಸುಳ್ಳು ಹೇಳೋದನ್ನ ನಮಗೆ ಕಲಿಸಿಲ್ಲ ಕಣೋ."

ಅವನು ನಕ್ಕ. ಆ ದಿನ ಅವನು ನಕ್ಕಿದ್ದು ಅಷ್ಟೇ. ಗಡಿ ಎಲ್ಲಿ ದಾಟಿದೆವೋ ನನಗೆ ತಿಳಿಯಲಿಲ್ಲ. ಒಂದು ಕಡೆ ರಸ್ತೆಯ ಡಾಂಬರಿನ ಬಣ್ಣ ಬದಲಾಯಿತು. ಸ್ವಲ್ಪ ದೂರ ಹೋದ ಮೇಲೆ ಶಾಲೆಯ ಗೋಡೆಯ ಅಕ್ಷರ ತೆಲುಗಿನದಾಗಿತ್ತು, ಅಷ್ಟೇ.

ತಂಗಿಯ ಊರಬಾಗಿಲಲ್ಲಿ ಒಂದು ಹೊಂಗೆಮರ ಇದೆ. ಅದರ ಕೆಳಗಿನ ಕಟ್ಟೆ ಆ ಹೊತ್ತಿಗೆ ಖಾಲಿ ಇರಬೇಕಿತ್ತು. ಇರಲಿಲ್ಲ. ಊರಿನ ಗಂಡಸರೆಲ್ಲ ಅಲ್ಲೇ ಕೂತಿದ್ದರು. ಪಕ್ಕದಲ್ಲಿ ಅವರ ಟ್ರಾಕ್ಟರುಗಳು, ಟ್ರಾಕ್ಟರುಗಳಲ್ಲಿ ಅವರ ಕಾಯಿ. ಅಣ್ಣನ ಅಂಗಿಯಿಂದ ಬರುತ್ತಿದ್ದ ಅದೇ ಹುಳಿ ವಾಸನೆ ಆ ಇಡೀ ಮರದ ನೆರಳಿನಲ್ಲಿತ್ತು. ಒಳಗೆ ಜಾಗವಿಲ್ಲ ಎಂದು ಫ್ಯಾಕ್ಟರಿ ಅಂದು ಬೆಳಿಗ್ಗೆಯೇ ಗೇಟು ಹಾಕಿತ್ತಂತೆ. ಅವರು ಸಾಲಿನಿಂದ ಆಗಷ್ಟೇ ವಾಪಸ್ಸು ಬಂದು ಕೂತಿದ್ದರು.

ಗಾಡಿ ತಿರುಗಿಸುವಷ್ಟು ಜಾಗ ಇರಲಿಲ್ಲ. ಒಬ್ಬ ಹುಡುಗಪ್ರಾಯದವನು ಹಿಂದೆ ಹತ್ತಿ ಟಾರ್ಪಾಲು ಎತ್ತಿದ.

"ಎಕ್ಕಡಿ ಕಾಯಲು ಇವಿ?" ಎಲ್ಲಿಯ ಕಾಯಿ ಇವು ಎಂದು ಕೂಗಿದ.

ಅಣ್ಣ ಕೆಳಗಿಳಿದ. ಅವನ ತೆಲುಗು ಅವರದಕ್ಕಿಂತ ಚೆನ್ನಾಗಿತ್ತು, ಅಮ್ಮನ ತೆಲುಗು. ತಂಗಿ ಮನೆಗೆ ತಂದಿದ್ದೇನೆ ಎಂದ.

"ಉಪ್ಪಿನಕಾಯಿ ಹಾಕೋದಕ್ಕಾ ಬಾವಾ?" ಎಂದ ಕಟ್ಟೆಯ ಮೇಲಿದ್ದ ಒಬ್ಬ. "ಒಂದು ಗಾಡಿ ಉಪ್ಪಿನಕಾಯಾ? ಜಾಡಿ ಎಲ್ಲಿಂದ ತರ್ತೀರಿ?"

ಎಲ್ಲರೂ ನಕ್ಕರು. ಆ ನಗುವಿನಲ್ಲಿ ಕೋಪಕ್ಕಿಂತ ಆಯಾಸ ಜಾಸ್ತಿ ಇತ್ತು. ಇನ್ನೊಬ್ಬ ನಗಲಿಲ್ಲ. "ನಮ್ಮದೇ ಕೊಳೀತಿದೆ, ಅದರ ಮೇಲೆ ನಿಮ್ಮದು ತಂದು ಸುರೀತೀರಾ? ನಿಮ್ಮ ಬೆಂಗಳೂರಲ್ಲಿ ಮಾರ್ಕೊಳ್ಳಿ, ಹೋಗಿ," ಎಂದ. ಹೊರಗಿನ ಕಾಯಿ ಬೆರೆಸಿದವರ ಟ್ರಾಕ್ಟರಿಗೆ ಸಾಲಿನಲ್ಲಿ ಜಾಗ ಕೊಡುವುದಿಲ್ಲ ಎಂದು ಊರವರೆಲ್ಲ ಸೇರಿ ಮಾತಾಡಿಕೊಂಡಿದ್ದಾರೆ ಎನ್ನುವುದು ಅವರ ಮಾತಿನ ನಡುವೆ ನನಗೆ ತಿಳಿಯಿತು. ತಂಗಿ ಅದನ್ನು ಫೋನಿನಲ್ಲಿ ಹೇಳಿರಲಿಲ್ಲ.

ಯಾರೋ ಹೋಗಿ ಅವಳನ್ನು ಕರೆದುಕೊಂಡು ಬಂದರು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದಳು. ಬೆರಳುಗಳಿಗೆ ಹಳದಿ ಕಣಕ ಅಂಟಿಕೊಂಡಿತ್ತು. ಅವಳ ಹಿಂದೆ ಅವಳ ಗಂಡ. ಅವರು ನಮ್ಮ ಕಡೆ ನೋಡಲಿಲ್ಲ.

ಊರಿನ ಹಿರಿಯರೊಬ್ಬರು ಗಾಡಿಯಿಂದ ಒಂದು ಕಾಯಿ ಎತ್ತಿಕೊಂಡು ತೊಟ್ಟಿನ ಹತ್ತಿರ ಮೂಸಿದರು. "ನಿಮ್ಮ ತೋಟದ ಕಾಯಿ ತರಾನೇ ಇದೆಯಲ್ಲಮ್ಮಾ," ಎಂದರು, ಬಹಳ ಮೆಲ್ಲಗೆ. "ನಿಮ್ಮ ಅಪ್ಪನ ಮನೇದಾ? ನೀನು ತರೋದಕ್ಕೆ ಹೇಳಿದ್ಯಾ?"

ಅವಳು ಕಾಯಿಯನ್ನೇ ನೋಡುತ್ತಿದ್ದಳು. ನಾನು ಗಾಡಿಯ ಮುಂದಿನ ಸೀಟಿನಲ್ಲಿ, ಕಿಟಕಿಯ ಒಳಗೆ. ಅವಳ ಮನೆಯ ಟ್ರಾಕ್ಟರು ಆ ಸಾಲಿನಲ್ಲೇ ಇತ್ತು, ತುಂಬಿಕೊಂಡು. ಅವಳ ಗಂಡ ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದಕುತ್ತಿದ್ದರು.

"ನಾನು ಹೇಳಿಲ್ಲ," ಎಂದಳು. "ನಾಕು ತೆಲೀದು." ನನಗೆ ಗೊತ್ತಿಲ್ಲ. ಆಮೇಲೆ ಅಣ್ಣನಿಗಲ್ಲ, ಆ ಹಿರಿಯರಿಗೆ ಹೇಳಿದಳು: "ವಾಪಸ್ಸು ತಗೊಂಡು ಹೋಗೋದಕ್ಕೆ ಹೇಳಿ."

ಅಣ್ಣನ ಮುಖದಲ್ಲಿ ಏನೂ ಆಗಲಿಲ್ಲ. ಅದೇ ನನಗೆ ಸಹಿಸಲಾಗಲಿಲ್ಲ. ಬಿಚ್ಚಿಹೋದ ಟಾರ್ಪಾಲನ್ನು ಎಳೆದು, ಅತ್ತಿಗೆಯ ಸೀರೆಯ ತುಂಡನ್ನು ಮತ್ತೆ ಗಂಟು ಹಾಕಿದ. ಹಿರಿಯರು ಕಾಯಿಯನ್ನು ತಾವೇ ಗಾಡಿಯೊಳಗೆ ಇಟ್ಟು, "ನೆಂಟರು ನೆಂಟರೇ. ಕಾಯಿ ಬೇಡ, ಊಟ ಮಾಡ್ಕೊಂಡು ಹೋಗಿ," ಎಂದರು. ಮನಸಾರೆಯೇ ಹೇಳಿದರು. ಅಣ್ಣ ಕೈ ಮುಗಿದು, "ಊಟ ಆಗಿದೆ ಅಯ್ಯಾ," ಎಂದ. ಗಾಡಿಯನ್ನು ಹಿಂದಕ್ಕೆ ಬಿಡಲು ಅದೇ ಹುಡುಗಪ್ರಾಯದವನು ಹಿಂದೆ ನಿಂತು, ಬಾ ಬಾ ಎಂದು ಕೈ ಆಡಿಸಿ ಸಹಾಯ ಮಾಡಿದ. ತಂಗಿ ಅಲ್ಲೇ ನಿಂತಿದ್ದಳು. ಧೂಳು ಏಳುವವರೆಗೆ ನನಗೆ ಕಂಡಳು.

ಡಾಂಬರಿನ ಬಣ್ಣ ಮತ್ತೆ ಬದಲಾದಾಗ ನಾನೇ ಹೇಳಿದೆ: "ಅವಳೇನು ಮಾಡ್ತಾಳಣ್ಣ. ಅವಳು ಆ ಊರಲ್ಲಿ ಬಾಳಬೇಕಲ್ವಾ."

"ನಾನೇನಾದ್ರೂ ಅಂದ್ನಾ?"

"ಇಲ್ಲ."

ಇನ್ನೊಂದಷ್ಟು ದೂರ ಹೋದ ಮೇಲೆ, ರಸ್ತೆ ನೋಡುತ್ತಲೇ ಹೇಳಿದ: "ಭಾವನಿಗೆ ಹೇಳು, ಲೆಕ್ಕ ಸರಿ ಹೋಯ್ತು ಅಂತ. ಬೇರೆ ಆದ್ರೂ ಬದುಕಬಹುದು. ಅವಳು ಬದುಕ್ತಿಲ್ವಾ."

ಇದಕ್ಕೆ ಉತ್ತರವನ್ನು ಎಷ್ಟೋ ಸಲ ಹುಡುಕಿದ್ದೇನೆ, ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ. ಬಂದರು, ಕಾಫಿ, ರೇಷ್ಮೆ, ತೆರಿಗೆ ಎಲ್ಲವನ್ನೂ ಕೂಡಿ ಕಳೆದರೆ ಒಂದು ರಾಜ್ಯ ತಾನೊಂದೇ ಬದುಕೀತೋ ಏನೋ, ನನಗೆ ಅಷ್ಟು ತಿಳಿವಳಿಕೆ ಇಲ್ಲ. ಬದುಕಬಹುದು ಎಂದು ನಮ್ಮವರೂ ಒಪ್ಪುತ್ತಾರೆ. ಅಣ್ಣನ ಮಾತಿನಲ್ಲಿ ತಪ್ಪು ಹುಡುಕಲು ಹೋದರೆ ತಪ್ಪು ಸಿಗುವುದಿಲ್ಲ. ಧೂಳಿನಲ್ಲಿ ನಿಂತ ತಂಗಿ ಮಾತ್ರ ಕಾಣುತ್ತಾಳೆ.

ನಮ್ಮ ಬೀದಿಯ ತಿರುವಿನಲ್ಲಿ ನನ್ನನ್ನು ಇಳಿಸಿದ. "ಕಾಯಿ ಏನು ಮಾಡ್ತೀಯ?" ಎಂದೆ.

"ದನ ಇದಾವಲ್ಲ," ಎಂದು ಗೇರು ಹಾಕಿದ.

ಮನೆಗೆ ಬಂದು ಮುಖ ತೊಳೆದುಕೊಳ್ಳುತ್ತಿದ್ದಾಗ ಫೋನು ಬಂತು. ತಂಗಿ. ಎತ್ತಿದೆ. ಆ ಕಡೆ ಹಿಂದೆ ಎಲ್ಲೋ ಟ್ರಾಕ್ಟರಿನ ಸದ್ದು.

"ಅಕ್ಕ, ಅಣ್ಣ ಏನಾದ್ರೂ ತಿಂದ್ನಾ?"

"ತಿಂದ," ಎಂದೆ.

"ಒಬ್ಬಟ್ಟು ಮಾಡಿದ್ದೆ. ಅವನಿಗೆ ಕಾಯಿ ಒಬ್ಬಟ್ಟು ಇಷ್ಟ ಅಂತ ಬೇರೆ ಮಾಡಿದ್ದೆ."

"ಹೂಂ."

"ಬೇಜಾರು ಮಾಡ್ಕೊಂಡ್ನಾ?"

ಇಲ್ಲ ಎಂದರೆ ಅವಳಿಗೆ ಇನ್ನೂ ನೋವಾಗುತ್ತದೆ ಎಂದು ನನಗೆ ಆ ಕ್ಷಣಕ್ಕೆ ಹೇಗೆ ಹೊಳೆಯಿತೋ ಗೊತ್ತಿಲ್ಲ. "ಸ್ವಲ್ಪ," ಎಂದೆ. ಅವಳು ಅತ್ತಳು. ಅತ್ತು ಮುಗಿಸಿ, "ಇಡ್ತೀನಿ, ಅವರು ಬಂದ್ರು," ಎಂದಳು. ಅವರು ಎಂದರೆ ಅವಳ ಗಂಡ. ಮೊದಲೆಲ್ಲ "ಇವರು ಬಂದ್ರು, ಮಾತಾಡು" ಎಂದು ಫೋನನ್ನು ಅವರ ಕೈಗೂ ಕೊಡುತ್ತಿದ್ದಳು.

ಸಂಜೆ ದೀಪ ಹಚ್ಚಿ ಹಿತ್ತಲಿಗೆ ಬಂದೆ. ನಮ್ಮವರು ಇನ್ನೂ ಬಂದಿರಲಿಲ್ಲ. ಬಂದ ಮೇಲೆ ಎಲ್ಲಿಂದ ಶುರು ಮಾಡಿ ಹೇಳುವುದು ಎಂದು ಯೋಚಿಸುತ್ತಾ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಪಕ್ಕದ ಮನೆಯ ಆಂಟಿ ಕಾಂಪೌಂಡಿನ ಮೇಲಿನಿಂದ ಕೈ ಚಾಚಿ ನಮ್ಮ ಗಿಡದ ಕರಿಬೇವು ಕಿತ್ತುಕೊಳ್ಳುತ್ತಿದ್ದರು. ಅದು ಅವರ ನಿತ್ಯದ ಪದ್ಧತಿ, ಕೇಳುವುದೂ ಇಲ್ಲ, ನಾನು ಬೇಡ ಅನ್ನುವುದೂ ಇಲ್ಲ.

"ಬೆಳಿಗ್ಗೆ ಯಾವುದೋ ಗಾಡೀಲಿ ಹೋದ್ರಲ್ಲ, ಎಲ್ಲಿಗೆ?"

"ತಂಗಿ ಊರಿಗೆ ಆಂಟಿ."

ಅವರು ಕರಿಬೇವಿನ ಎಸಳುಗಳನ್ನು ಸೆರಗಿಗೆ ಹಾಕಿಕೊಂಡು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

"ತಂಗಿ ಮನೆಗೆ ಹೋಗಿ ಬಂದಿದೀರಾ, ತಲೇಲಿ ಒಂದು ಎಳೆ ಹೂವೂ ಇಲ್ವಲ್ರೀ," ಎಂದು, ಒಲೆಯ ಮೇಲೆ ಏನೋ ಉಕ್ಕಿತೆಂದು ಒಳಗೆ ಹೋದರು.